ಪದಚರ್ಚೆ: ‘ಸಾಮರ್ಥ್ಯ’ ಅಂದರೆ ಎಷ್ಟು ಜೋರೋ, ಎಷ್ಟು ಹೊತ್ತೋ?

ಗೆಳೆಯರೇ,

ಒಂದೇ ಪುಟದ ಬರಹ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ನಮ್ಮೂರಿನ ಸೊಸೈಟಿಯಲ್ಲಿ ಗ್ರೈಂಡರ್, ಡ್ರಿಲ್, ಮರ ಕೊಯ್ಯುವ ಮಿಷನ್ ಬಾಡಿಗೆಗೆ ಕೊಡುತ್ತಾರೆ. ತೋಟದ ತುದಿಯಲ್ಲಿ, ಕರೆಂಟು ಕಂಬ ಇಲ್ಲದ ಕಡೆ ಅವನ್ನು ಓಡಿಸಲು ಜನರೇಟರ್ ಬೇಕಾ, ಚಾರ್ಜ್ ಮಾಡಿ ಹೊತ್ತೊಯ್ಯುವ ಬ್ಯಾಟರಿ ಪೆಟ್ಟಿಗೆ ಸಾಕಾ ಎಂದು ಜನ ಕೇಳುತ್ತಲೇ ಇರುತ್ತಾರೆ. ಅದನ್ನು ತಿಳಿಯುವ ಹಾಗೆ ಬರೆದುಕೊಡಿ, ಗೋಡೆಗೆ ಅಂಟಿಸೋಣ ಅಂದರು. ಎರಡನೇ ಸಾಲಿಗೇ ಒಂದು ಪದ ಕೈಕೊಟ್ಟಿತು. ಅದು ‘ಸಾಮರ್ಥ್ಯ’.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಬೇರೆ ಬೇರೆ. ಸಾಮರ್ಥ್ಯ ಅಂದರೆ ಸೆಕೆಂಡಿಗೆ ಎಷ್ಟು ಕೆಲಸ ಆಗುತ್ತದೆ ಅನ್ನುವುದು, ಅಳತೆ ವ್ಯಾಟ್. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್ ಅನ್ನುವಾಗ ಅದೇ ಅರ್ಥ. ಆದರೆ ಅದಕ್ಕೆ ನೀರು ಕೊಡುವ ಲಿಂಗನಮಕ್ಕಿಯ ಸಾಮರ್ಥ್ಯ 151 ಟಿಎಂಸಿ ಎಂದೂ ಬರೆಯುತ್ತೇವೆ. ಇಲ್ಲಿ ಅದೇ ಪದಕ್ಕೆ ‘ಎಷ್ಟು ಹಿಡಿಸುತ್ತೆ’ ಅನ್ನುವ ಅರ್ಥ. ಒಂದು ಅಣೆಕಟ್ಟು, ಇನ್ನೊಂದು ಪವರ್ ಹೌಸು, ಯಾರಿಗೂ ಗೊಂದಲ ಇಲ್ಲ. ಒಂದೇ ಪೆಟ್ಟಿಗೆಯ ಮೇಲೆ ಎರಡೂ ಇದ್ದರೆ? ನಾನು ನೋಡಿದ ಬ್ಯಾಟರಿ ಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದೂ ಇತ್ತು, 1000 ವ್ಯಾಟ್-ಅವರ್ ಎಂದೂ ಇತ್ತು. ಎರಡಕ್ಕೂ ‘ಸಾಮರ್ಥ್ಯ’ ಎಂದು ಬರೆದೆ. ಬರೆದ ನನಗೇ ಅರ್ಥ ಆಗಲಿಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ಹೋದ ವರ್ಷ ನಮ್ಮ ತೋಟದ ಉಣುಗೋಲು ತೆಗೆದು ಕಬ್ಬಿಣದ ಗೇಟು ಮಾಡಿದೆವು. ಬಾಡಿಗೆಗೆ ಜನರೇಟರ್ ತಂದದ್ದು ಪೇಟೆಯ ಒಂದು ಅಂಗಡಿಯಿಂದ. ‘ಎರಡೂವರೆ ಕೆವಿಎ ಇದೆ, ಕೆಪಾಸಿಟಿ ಧಾರಾಳ ಆಯ್ತು’ ಅಂದರು. 850 ವ್ಯಾಟಿನ ಗ್ರೈಂಡರ್ ಆರಾಮಾಗಿ ಓಡಿತು. ಪೇಂಟ್ ಹೊಡೆಯಲು ಒಂದು ಎಚ್‌ಪಿ ಕಂಪ್ರೆಸರ್ ಹಾಕಿದ್ದೇ ತಡ, ಜನರೇಟರ್ ಒಮ್ಮೆ ನರಳಿ ಟ್ರಿಪ್ ಆಯ್ತು. ‘ಒಂದು ಎಚ್‌ಪಿ ಅಂದ್ರೆ 746 ವ್ಯಾಟು, ಗ್ರೈಂಡರಿಗಿಂತ ಕಡಿಮೆ ಅಲ್ವಾ?’ ಅಂತ ಭಾವನವರ ವಾದ. ಅಂಥ ಮೋಟಾರು ನಿಂತಲ್ಲಿಂದ ಹೊರಡುವಾಗ, ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ ಎಂದು ನಮಗೆ ಆಗ ಯಾರೂ ಹೇಳಿರಲಿಲ್ಲ. ಎರಡೂವರೆ ಕೆವಿಎ ಅಂದರೂ, 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು) ಹಿಡಿದರೆ, ಕೈಗೆ ಬರುವುದು 2 ಕಿಲೋವ್ಯಾಟ್. ಕೊನೆಗೆ ಬ್ರಷ್ಷಿನಲ್ಲೇ ಬಳಿದೆವು. ಗೇಟಿನ ಮೇಲೆ ಬ್ರಷ್ಷಿನ ಗೆರೆ ಇವತ್ತಿಗೂ ಕಾಣುತ್ತದೆ.

ಹಾಗಾಗಿ ಗೋಡೆಯ ಹಾಳೆಗೆ ಮೂರು ಮಾತು ಬೇಕು. ಎಷ್ಟು ಜೋರಾಗಿ ಕೊಡುತ್ತದೆ, ಎಷ್ಟು ಹೊತ್ತು ಕೊಡುತ್ತದೆ, ಹೊರಡುವಾಗಿನ ಎಳೆತ ತಡೆಯುತ್ತದಾ.

ಮೊದಲೆರಡರ ವ್ಯತ್ಯಾಸ ನಮ್ಮ ಜನಕ್ಕೆ ಚೆನ್ನಾಗಿಯೇ ಗೊತ್ತು. ಬೋರ್‌ವೆಲ್ ಕೊರೆಸಿದವರು ‘ಎರಡು ಇಂಚು ನೀರು ಬಿತ್ತು’ ಅನ್ನುತ್ತಾರೆ. ತೊಟ್ಟಿ ಕಟ್ಟಿಸಿದವರು ‘ಹತ್ತು ಸಾವಿರ ಲೀಟರ್ ಹಿಡಿಸುತ್ತೆ’ ಅನ್ನುತ್ತಾರೆ. ಇಂಚು ನೀರು ಬರುವ ಜೋರಿನ ಲೆಕ್ಕ, ಲೀಟರ್ ಹಿಡಿಸುವ ಲೆಕ್ಕ; ಎರಡಕ್ಕೂ ಯಾರೂ ಗಂಟು ಹಾಕಲ್ಲ. ವ್ಯಾಟ್ ಅಂದರೆ ಇಂಚು, ವ್ಯಾಟ್-ಅವರ್ ಅಂದರೆ ತೊಟ್ಟಿ. ಇನ್ನೂ ಒಂದು ಹೆಜ್ಜೆ ಹೋದರೆ ವ್ಯಾಟ್-ಅವರ್‌ಗೆ ಹೊಸ ಪದವೇ ಬೇಡ. ಕರೆಂಟ್ ಬಿಲ್ಲಿನ ಯೂನಿಟ್ ಇದೆಯಲ್ಲ! 1000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್. ‘ಈ ಪೆಟ್ಟಿಗೆಯಲ್ಲಿ ಒಂದು ಯೂನಿಟ್ ದಾಸ್ತಾನು ಇರುತ್ತದೆ, ಗ್ರೈಂಡರನ್ನು ಪೂರ್ತಿ ಲೋಡಿನಲ್ಲಿ ಸುಮಾರು ಒಂದು ಗಂಟೆ ಓಡಿಸಬಹುದು’ ಎಂದು ಬರೆದರೆ ಮುಗಿಯಿತು. ಡ್ರಿಲ್ಲಿನ 18 ವೋಲ್ಟ್, 5 ಆಂಪ್-ಅವರ್ ಬ್ಯಾಟರಿ ಗುಣಿಸಿದರೆ 90 ವ್ಯಾಟ್-ಅವರ್, ಯೂನಿಟ್ಟಿನ ಹತ್ತನೇ ಒಂದು ಭಾಗವೂ ಇಲ್ಲ. ದಾಸ್ತಾನು ಅನ್ನುವ ಪದ ನನಗೆ ಹಿಡಿಸಿದೆ. ಗೋದಾಮಿನ ವಾಸನೆ ಇದೆ, ಇರಲಿ.

ತೊಡಕು ಮೂರನೆಯದರಲ್ಲಿ. ಪಂಪು ರಿಪೇರಿಯವರು ‘ಮೋಟ್ರು ಎತ್ಕೊಳ್ತಿಲ್ಲ’ ಅನ್ನುತ್ತಾರೆ. ಆ ಕ್ರಿಯಾಪದ ಚೆನ್ನಾಗಿದೆ, ನಾಮಪದ ಮಾಡಲು ಹೋದರೆ ಕೆಡುತ್ತದೆ. ‘ಎತ್ತುವಳಿ’ ಅಂದರೆ ಚಂದಾ ವಸೂಲಿಗೆ ಬಂದ ಹಾಗೆ. ‘ಆರಂಭಿಕ ವಿದ್ಯುತ್ ಪ್ರವಾಹ’ ಬರೆದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಸದ್ಯಕ್ಕೆ ‘ಹೊರಡುವಾಗಿನ ಎಳೆತ’ ಎಂದು ಬರೆದಿದ್ದೇನೆ. ಸಾಕಾ?

ಹೆಸರುಗಳದ್ದು ಬೇರೆಯೇ ಕತೆ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚು. ‘ಕತ್ತಲೆ ಆಯ್ತು, ಬ್ಯಾಟ್ರಿ ಹಿಡ್ಕೊಂಡು ಹೋಗು’ ಅನ್ನುವುದು ಅದಕ್ಕೇ, ಒಳಗೆ ಹಾಕುವುದು ಶೆಲ್ಲು. ಇನ್ವರ್ಟರ್ ಅಂದರೆ ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಸುವುದು, ಅದನ್ನೇ ಯುಪಿಎಸ್ ಅನ್ನುವವರೂ ಬಹಳ. ಈಗ ‘ಇನ್ವರ್ಟರ್ ಜನರೇಟರ್’ ಎಂದು ಬರೆದರೆ, ‘ಇನ್ವರ್ಟರ್ ಇದ್ದ ಮೇಲೆ ಜನರೇಟರ್ ಯಾಕೆ?’ ಅಂತ ಮಾವನವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾಮೂಲಿ ಚಿಕ್ಕ ಜನರೇಟರಿನ ಎಂಜಿನ್ 50 ಹರ್ಟ್ಸ್ ಕೊಡಲು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತಲೇ ಇರಬೇಕು. ಇನ್ವರ್ಟರ್ ಬಗೆಯದು ಲೋಡ್ ಕಡಿಮೆ ಇದ್ದಾಗ ನಿಧಾನ ಆಗುತ್ತದೆ, ಸದ್ದೂ ಪೆಟ್ರೋಲೂ ಕಡಿಮೆ. ‘ಸದ್ದು ಕಡಿಮೆ ಜನರೇಟರ್’ ಎಂದೇ ಬರೆಯೋಣವೇ ಎಂದು ಯೋಚಿಸುತ್ತಿದ್ದೇನೆ. ಬ್ಯಾಟರಿ ಪೆಟ್ಟಿಗೆಗೆ ಕಂಪನಿಯವರು ಕೊಟ್ಟ ಹೆಸರು ‘ಪೋರ್ಟಬಲ್ ಪವರ್ ಸ್ಟೇಷನ್’. ಜೋಗದ ಪಕ್ಕದವರಿಗೆ ಪವರ್ ಸ್ಟೇಷನ್ ಅಂದರೆ ಏನು ಕಣ್ಣಿಗೆ ಬರುತ್ತದೆ ಎಂದು ಹೇಳಬೇಕಿಲ್ಲ. ‘ಕರೆಂಟ್ ಪೆಟ್ಟಿಗೆ’ ಎಂದು ಹಾಕಿದ್ದೇನೆ. ಭಾವನವರಿಗೆ ಅದು ಮೀಟರ್ ಬೋರ್ಡಿನ ಹಾಗೆ ಕೇಳಿಸುತ್ತದಂತೆ.

ಬಯಲುಸೀಮೆಯ ವೆಲ್ಡಿಂಗ್ ಶಾಪಿನವರು, ಶಾಮಿಯಾನದವರು, ಮೈಕ್ ಸೆಟ್ಟಿನವರು ಇವನ್ನೆಲ್ಲ ಏನನ್ನುತ್ತಾರೆ? ಮುಖ್ಯವಾಗಿ ಆ ಹೊರಡುವಾಗಿನ ಎಳೆತಕ್ಕೆ ಒಂದೇ ಪದ ಇದ್ದರೆ ಕಳಿಸಿ. ಹಾಳೆ ಇನ್ನೂ ಅಂಟಿಸಿಲ್ಲ.