ಗಿಡ ನೆಡುವ ಕಂಪನಿ ಫೋನ್ ಎತ್ತುವುದಿಲ್ಲ, ಏನು ಮಾಡಬೇಕು?

ಪ್ರಶ್ನೆ: ಮಹಡಿ ಟೀಚರ್, ಕಲಬುರಗಿ

ಕಲಬುರಗಿಯಲ್ಲಿ ಮನೆಯ ಮಹಡಿಯ ಮೇಲೆ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ತಲೆಯ ಮೇಲೆ ಬರೀ ಸ್ಲ್ಯಾಬ್, ಪಶ್ಚಿಮಕ್ಕೆ ಕಿಟಕಿ. ಬೇಸಿಗೆಯಲ್ಲಿ 42 ಡಿಗ್ರಿ ಎಂಬುದು ನಮ್ಮೂರಿನಲ್ಲಿ ಸುದ್ದಿಯೇ ಅಲ್ಲ. ಫ್ಯಾನ್ ತಿರುಗದಿದ್ದರೆ ಆ ಕೋಣೆಯಲ್ಲಿ ಪಾಠ ನಡೆಯುವುದಿಲ್ಲ.

ಕಳೆದ ವರ್ಷ ಅಲ್ಲಿಗೆ ಎರಡು ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟಿನಲ್ಲಿ ತಿರುಗುವ, ರಿಮೋಟಿನ ಹೊಸ ಬಗೆ) ತರಿಸಿದೆ. ನೇರವಾಗಿ ಕಂಪನಿಯ ಜಾಲತಾಣದಿಂದಲೇ ಕೊಂಡದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ಚರ್ಚೆ ಅಲ್ಲಿಗೇ ಹೋಗುತ್ತದೆ. ಫ್ಯಾನ್ ಒಂದಕ್ಕೆ ಒಂದು ಗಿಡ ನೆಡುತ್ತೇವೆ, ಪ್ಲಾಸ್ಟಿಕ್ ಇಲ್ಲದ ಪೊಟ್ಟಣ ಬಳಸುತ್ತೇವೆ, ಲಾಭದ ಒಂದು ಪಾಲು ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಕೊಡುತ್ತೇವೆ ಎಂದು ಅವರು ಬರೆದುಕೊಂಡಿದ್ದರು. ನಾನು ಇವನ್ನೆಲ್ಲ ನೋಡಿಯೇ ಕೊಳ್ಳುವವಳು. ಬಟ್ಟೆ ಖಾದಿ ಭಂಡಾರದ್ದು, ಬೇಳೆ ಸಾವಯವದ್ದು. ಮನೆಯಲ್ಲಿ ಇದಕ್ಕೆ ‘ನಿನ್ನ ಹೊಸ ಮಡಿ’ ಎಂದು ಹೆಸರಿಟ್ಟಿದ್ದಾರೆ. ಇರಲಿ.

ಫ್ಯಾನ್ ಚೆನ್ನಾಗಿಯೇ ಇತ್ತು, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಹಳೆಯದು 75 ವ್ಯಾಟ್ ತಿನ್ನುತ್ತಿತ್ತು, ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಫ್ಯಾನ್ ಒಂದಕ್ಕೆ ಅರ್ಧ ಯೂನಿಟ್‌ಗಿಂತ ಹೆಚ್ಚು ಉಳಿತಾಯ. ಕರೆಂಟ್ ಹೋದಾಗ ಇನ್ವರ್ಟರ್ ಇಡೀ ತರಗತಿಯನ್ನು ದಾಟಿಸುತ್ತಿತ್ತು.

ಈ ಯುಗಾದಿ ಕಳೆದ ಮೇಲೆ ಒಂದು ಫ್ಯಾನ್ ಕೈಕೊಟ್ಟಿತು. ರಿಮೋಟ್ ಒತ್ತಿದರೆ ‘ಬೀಪ್’ ಎನ್ನುತ್ತದೆ. ರೆಕ್ಕೆಗಳು ಕಾಲು ಸುತ್ತು ಹೋಗಿ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ ತುಸು ಹಿಂದಕ್ಕೆ ತಿರುಗಿ ನಿಂತುಬಿಡುತ್ತವೆ. ವಾರಂಟಿ ಇನ್ನೂ ಇದೆ.

ಇಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ. ಸಹಾಯವಾಣಿಯಲ್ಲಿ ಕನ್ನಡಕ್ಕೆಂದು ಒಂದು ಅಂಕಿ ಒತ್ತಿಸಿಕೊಂಡು ಹಿಂದಿಯಲ್ಲಿ ಮಾತನಾಡಿದರು. ದೂರಿನ ಸಂಖ್ಯೆ ಬಂತು. ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ಮೆಕ್ಯಾನಿಕ್ ಬರುತ್ತಾರೆ ಎಂಬ ಸಂದೇಶ ಬಂತು. ಮೆಕ್ಯಾನಿಕ್ ಬರಲಿಲ್ಲ, ಆದರೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ಐದು ನಕ್ಷತ್ರ ಕೊಡಿ’ ಎಂಬ ಇನ್ನೊಂದು ಸಂದೇಶ ಬಂತು. ಮತ್ತೆ ಕರೆ ಮಾಡಿದರೆ, ನಿಮ್ಮ ಪಿನ್ ಕೋಡ್ ನಮ್ಮ ಸೇವಾ ವ್ಯಾಪ್ತಿಯಲ್ಲಿಲ್ಲ, ಫ್ಯಾನ್ ಬಿಚ್ಚಿ ನಿಮ್ಮ ಖರ್ಚಿನಲ್ಲಿ ಹೈದರಾಬಾದಿಗೆ ಕಳುಹಿಸಿ ಎಂದರು. ಹಣ ತೆಗೆದುಕೊಳ್ಳುವ ದಿನ ಇದೇ ಪಿನ್ ಕೋಡ್ ಅವರಿಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಕೊನೆಗೆ ಚಾಟ್‌ನಲ್ಲಿ ಒಬ್ಬರು, ಫೋಟೊ ನೋಡಿಯೇ, ಇದು ವೋಲ್ಟೇಜ್ ಏರಿಳಿತದಿಂದ ಆದದ್ದು, ವಾರಂಟಿ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟರು. ವೋಲ್ಟೇಜ್ ಏರಿಳಿತವನ್ನು ತಾಳಿಕೊಳ್ಳುತ್ತದೆ ಎಂದು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದವರೂ ಇವರೇ.

ನಾನು ನೆಟ್ಟೆನೆನ್ನಲಾದ ಗಿಡದ ಪ್ರಮಾಣಪತ್ರ ಮಾತ್ರ ತಪ್ಪದೆ ಬಂತು. ಚೌಕಟ್ಟು ಹಾಕಿಸುವಷ್ಟು ಚೆಂದವಾಗಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಅನುಭವ ಹೇಳಬೇಕು. ಚಿಂಚೋಳಿ ಕಡೆಯ ಒಂದು ರೈತರ ಗುಂಪಿನಿಂದ ತೊಗರಿಬೇಳೆ ತರಿಸುತ್ತೇನೆ. ಒಮ್ಮೆ ಬೇಳೆಗೆ ಹುಳ ಬಿದ್ದಿತ್ತು. ಔಷಧ ಹಾಕದ ಬೇಳೆ, ಮಳೆಗಾಲ, ಆಗುವಂಥದ್ದೇ. ಪೊಟ್ಟಣದ ಮೇಲಿದ್ದ ನಂಬರಿಗೆ ಕರೆ ಮಾಡಿದರೆ ಎತ್ತಿದವರು ಹೊಲದಲ್ಲಿದ್ದರು. ‘ಅಕ್ಕಾ, ಅದನ್ನು ಬಿಸಿಲಿಗೆ ಹಾಕಿ ದನಕ್ಕೆ ಕೊಡಿ, ಬೇರೆ ಕಳುಹಿಸುತ್ತೇನೆ’ ಎಂದರು. ಬಸ್ಸಿನ ಪಾರ್ಸಲ್‌ನಲ್ಲಿ ಬೇಳೆ ಬಂತು. ಅವರ ಪೊಟ್ಟಣದ ಮೇಲೆ ಭೂಮಿ ಉಳಿಸುವ ಘೋಷಣೆ ಒಂದೂ ಇಲ್ಲ.

ನನ್ನ ಪ್ರಶ್ನೆ ಎರಡು. ಈ ಫ್ಯಾನಿನ ವಿಷಯದಲ್ಲಿ ಯಾವ ದಾರಿ ಹಿಡಿಯಲಿ? ಎರಡನೆಯದು, ಒಳ್ಳೆಯ ಉದ್ದೇಶದ ಕಂಪನಿ ಎಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದನ್ನು ನಿಲ್ಲಿಸಿ, ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸರ್ವಿಸ್ ಸೆಂಟರ್ ಇರುವ ಯಾವುದಾದರೂ ಹಳೆಯ ಕಂಪನಿಯ ಫ್ಯಾನ್ ಹಾಕಿಸಿಕೊಳ್ಳುವುದೇ ಜಾಣತನವೇ?

ಉತ್ತರ: ಜಮಾಖರ್ಚು, ಬೀದರ್

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹೌದು, ಜಾಣತನ. ನಾನು ಲೆಕ್ಕಪತ್ರ ನೋಡುವವನು, ಕಂಪನಿಗಳ ಪುಣ್ಯದ ಖಾತೆಯನ್ನು ಹತ್ತಿರದಿಂದ ನೋಡಿದ್ದೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಅಂದರೆ ದೊಡ್ಡ ಕಂಪನಿಯ ಜಾಹೀರಾತಿನಲ್ಲಿ ಕಾಣುವ ಶಾಲೆ, ಗಿಡ, ಕೆರೆ ಎಷ್ಟೋ ಸಲ ಔದಾರ್ಯವಲ್ಲ, ಕಾನೂನು ಪಾಲನೆ.

ಷೇರುಪೇಟೆಯ ಅಗ್ರ 1000 ಕಂಪನಿಗಳಾದರೆ ಇನ್ನೂ ಒಂದು ದಾರಿ ಇದೆ. 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಅವುಗಳಿಗೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿದೆ. ಅದರಲ್ಲಿ ಒಂಬತ್ತು ತತ್ವಗಳಿವೆ, ಗ್ರಾಹಕನದು ಒಂಬತ್ತನೆಯದು. ವರ್ಷದಲ್ಲಿ ಎಷ್ಟು ದೂರು ಬಂದವು, ವರ್ಷಾಂತ್ಯಕ್ಕೆ ಎಷ್ಟು ಬಾಕಿ ಎಂದು ಅಲ್ಲಿ ಬರೆಯಬೇಕು. ನಾನು ವರದಿಯನ್ನು ಹಿಂದಿನಿಂದ ಓದುತ್ತೇನೆ. ನಿಮ್ಮ ಫ್ಯಾನ್ ಕಂಪನಿ ಹೊಸದಿರಬಹುದು, ಪಟ್ಟಿಯಲ್ಲಿ ಇರಲಿಕ್ಕಿಲ್ಲ.

ಅಂದ ಹಾಗೆ, ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ ಹಿಂದಿನ ಸರಾಸರಿಯಷ್ಟು ಬಳಸಿದರೆ ಬಿಲ್ಲೇ ಬಾರದಿರುವಾಗ ಅರ್ಧ ಯೂನಿಟ್ ಉಳಿಸಲು ಇಷ್ಟು ತಲೆನೋವು ಏಕೆ?

ಉತ್ತರ: ಹೆಡ್‌ಫೋನ್ ಬಿಟ್ಟವನು, ಹುಮನಾಬಾದ್

ಟೀಚರ್, ನಾನು ಹೈದರಾಬಾದಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಕರೆ ಎತ್ತಿದವರು ಬಹುಶಃ ಆ ಕಂಪನಿಯವರೇ ಅಲ್ಲ. ಒಂದೇ ಕೋಣೆಯಲ್ಲಿ ಬೆಳಿಗ್ಗೆ ಫ್ರಿಜ್ಜಿನ ಕಂಪನಿ, ಮಧ್ಯಾಹ್ನ ವಿಮೆ, ರಾತ್ರಿ ಬೇರೊಂದು. ನಮ್ಮನ್ನು ಅಳೆಯುತ್ತಿದ್ದುದು ಕರೆ ಎಷ್ಟು ನಿಮಿಷಕ್ಕೆ ಮುಗಿಯಿತು, ದೂರು ಎಷ್ಟು ಬೇಗ ಮುಚ್ಚಿತು ಎಂಬುದರಿಂದ. ಮೆಕ್ಯಾನಿಕ್ ಬಾರದಿದ್ದರೂ ಅವಧಿ ಮುಗಿಯುವ ಮೊದಲು ದೂರು ‘ಬಗೆಹರಿದಿದೆ’ ಆಗಬೇಕಿತ್ತು. ಮತ್ತೆ ಕರೆ ಬಂದರೆ ಅದು ಹೊಸ ದೂರು, ಹೊಸ ಲೆಕ್ಕ. ಕನ್ನಡದ ಸಾಲಿನಲ್ಲಿ ಜನ ಕಡಿಮೆ, ಅವರು ಕರೆಯಲ್ಲಿದ್ದರೆ ಹಿಂದಿಯವರಿಗೆ ತಿರುಗುತ್ತಿತ್ತು.

ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಹಣ ಕೊಡುವುದು ಸಂತೋಷವೇ. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ದಿನವಿಡೀ ಬೈಗುಳ ತಿನ್ನುತ್ತಿದ್ದವರೂ ಹಳ್ಳಿಯಿಂದ ಬಂದು ಓದಿದ ಹೆಣ್ಣುಮಕ್ಕಳೇ. ತಪ್ಪು ಸರಿಪಡಿಸುವ ಅಧಿಕಾರ ನಮಗೆ ಇರಲಿಲ್ಲ, ಕ್ಷಮೆ ಕೇಳುವ ಅಧಿಕಾರ ಮಾತ್ರ ಇತ್ತು.

ಒಂದು ಸಲಹೆ: ಮೆಕ್ಯಾನಿಕ್ ಬಂದರೆ ಕೆಲಸ ಮುಗಿಯುವ ಮೊದಲು ನಿಮ್ಮ ಮೊಬೈಲಿಗೆ ಬಂದ ಒಟಿಪಿ ಹೇಳಬೇಡಿ. ಅದನ್ನು ಹೇಳಿದ ಕ್ಷಣ ದೂರು ಮುಚ್ಚಿದ ಹಾಗೆ. ಚಾಟ್ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಉತ್ತರ: ಕಪ್ಪು ಕೋಟು, ಕಲಬುರಗಿ

ಮೇಲಿನವರು ಹೇಳಿದ ಚಿತ್ರಗಳು, ಬಿಲ್ಲು, ವಾರಂಟಿ ಪತ್ರ, ಸಂದೇಶಗಳು ಎಲ್ಲವನ್ನೂ ಒಂದು ಕಡೆ ಇಡಿ. ಮುಂದಿನದು ಹೀಗೆ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವರು ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸಹಾಯವಾಣಿಯನ್ನು ಬಿಟ್ಟು ಈ ಅಧಿಕಾರಿಗೇ ಬರೆಯಿರಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಕನ್ನಡದಲ್ಲೂ ಮಾತನಾಡಬಹುದು. ಅವರಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಆದರೆ ಕಂಪನಿಯ ಮೇಲಿನವರ ಮೇಜಿಗೆ ವಿಷಯ ಹೋಗುತ್ತದೆ. ಬಹಳಷ್ಟು ಕಂಪನಿಗಳಿಗೆ ಅಷ್ಟೇ ಸಾಕು.

ಆಗಲೂ ಆಗದಿದ್ದರೆ ನಮ್ಮಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಾಗದಲ್ಲಿಯೇ ದೂರು ಹೂಡಬಹುದು, ಕಂಪನಿ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರು ಬೇಕೇ ಬೇಕು ಎಂದೇನಿಲ್ಲ. ಇದನ್ನು ಹೇಳಿ ನನ್ನ ಹೊಟ್ಟೆಗೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ. ಎದುರಿನವರಿಗೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತಡವಾಗುತ್ತದೆ ಎಂದು ತಿಳಿದೇ ಹೋಗಿ.

ಪಿನ್ ಕೋಡ್ ನೋಡಿ ಮಾರಿ, ಅದೇ ಪಿನ್ ಕೋಡ್ ತೋರಿಸಿ ಸೇವೆ ನಿರಾಕರಿಸಿದ್ದು ನಿಮ್ಮ ದೂರಿನ ಗಟ್ಟಿ ಅಂಶ. ಸೇವಾ ನ್ಯೂನತೆ ಎಂದು ಬರೆಯಿರಿ. ಗಿಡದ ವಿಷಯ ಬೇರೆ. ಪರಿಸರದ ಹೆಸರಿನ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ, ‘ಹಸಿರು’ ಎಂದರೆ ಆಧಾರ ತೋರಿಸಬೇಕು. ಗಿಡ ನೆಟ್ಟಿಲ್ಲ ಎಂದು ನಿಮ್ಮ ಬಳಿ ಸಾಕ್ಷ್ಯವಿಲ್ಲದಿದ್ದರೆ ಅದನ್ನು ಇದಕ್ಕೆ ಗಂಟು ಹಾಕಬೇಡಿ.

ಉತ್ತರ: ವೈಂಡಿಂಗ್ ಅಂಗಡಿ, ಶಹಾಪುರ

ಕಾಲು ಸುತ್ತು ಹೋಗಿ ಹಿಂದಕ್ಕೆ ಬರುತ್ತದೆ ಎಂದಿರಿ. ಮೋಟರಿಗೆ ಹೋಗುವ ಮೂರು ತಂತಿಗಳಲ್ಲಿ ಒಂದಕ್ಕೆ ಕರೆಂಟ್ ಸಿಗುತ್ತಿಲ್ಲ ಎಂದು ಅರ್ಥ. ಮಲ್ಟಿಮೀಟರಿನಲ್ಲಿ ಎರಡೆರಡು ತಂತಿ ಹಿಡಿದು ರೋಧ ನೋಡಬೇಕು. ಮೂರೂ ಜೋಡಿ ಒಂದೇ ಅಂಕಿ ತೋರಿಸಿದರೆ ವೈಂಡಿಂಗ್, ಅಂದರೆ ಮೋಟರಿನ ತಂತಿಸುರುಳಿ, ಸರಿ ಇದೆ, ಹೋಗಿರುವುದು ಮೋಟರನ್ನು ನಡೆಸುವ ಸರ್ಕ್ಯೂಟ್ ಬೋರ್ಡು. ನನಗೆ ಬರುವ ಇಂಥ ಫ್ಯಾನ್‌ಗಳಲ್ಲಿ ಹೆಚ್ಚಿನವು ಬೋರ್ಡಿನವೇ.

ನನ್ನ ಸಿಟ್ಟು ಬೇರೆ. ಎಷ್ಟೋ ಕಂಪನಿಗಳು ಆ ಬೋರ್ಡಿನ ಮೇಲೆ ಕಪ್ಪು ರಾಳ ಸುರಿದು ಗಟ್ಟಿ ಮಾಡಿರುತ್ತವೆ. ತೇವ, ಧೂಳು ತಾಗದಿರಲಿ ಎಂಬುದು ಅವರ ಸಮರ್ಥನೆ, ಅದರಲ್ಲಿ ನಿಜವೂ ಇದೆ. ಆದರೆ ಒಳಗೆ ಹೋಗಿರುವುದು ಹತ್ತಿಪ್ಪತ್ತು ರೂಪಾಯಿಯ ಸಾಮಾನು, ಎಸೆಯಬೇಕಾದದ್ದು ಇಡೀ ಬೋರ್ಡು. ಹಳೆಯ ಫ್ಯಾನ್ ನಿಧಾನವಾದರೆ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿ ಕಳುಹಿಸುತ್ತಿದ್ದೆ, ಮತ್ತೆ ವರ್ಷಗಟ್ಟಲೆ ತಿರುಗುತ್ತಿತ್ತು. ದುರಸ್ತಿಯ ಹಕ್ಕು ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಜಾಲತಾಣ ತೆರೆದಿದೆ, ಗೃಹೋಪಯೋಗಿ ವಸ್ತುಗಳೂ ಅದರಲ್ಲಿವೆ. ನನ್ನ ಅಂಗಡಿಗೆ ಇನ್ನೂ ಯಾವ ಕಂಪನಿಯ ಸರ್ಕ್ಯೂಟ್ ನಕ್ಷೆಯೂ ಬಂದಿಲ್ಲ.

ಬಿಚ್ಚಿ ತಂದರೆ 500ರಿಂದ 600 ರೂಪಾಯಿಯಲ್ಲಿ ಎಲ್ಲ ಕಂಪನಿಗೂ ಹೊಂದುವ ಬೋರ್ಡು ಹಾಕಿಕೊಡುತ್ತೇನೆ. ಕಲಬುರಗಿಯಲ್ಲೂ ಮಾಡುವವರಿದ್ದಾರೆ.

ಉತ್ತರ: ಕಪ್ಪು ಕೋಟು, ಕಲಬುರಗಿ

ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಹೊರಗಿನವರು ಕೈಹಾಕಿದ್ದಾರೆ ಎಂದು ಕಂಪನಿ ಮೊದಲ ಸಾಲಿನಲ್ಲೇ ಬರೆಯುತ್ತದೆ. ದೋಷ ಬೋರ್ಡಿನದೋ ವೋಲ್ಟೇಜಿನದೋ ಎಂಬ ಪ್ರಶ್ನೆ ಎದ್ದರೆ ಪರೀಕ್ಷೆಗೆ ಕಳುಹಿಸಬೇಕಾದದ್ದು ಆ ಬೋರ್ಡನ್ನೇ.

ಉತ್ತರ: ಮಹಡಿ ಟೀಚರ್, ಕಲಬುರಗಿ

ಎಲ್ಲರಿಗೂ ಧನ್ಯವಾದ. ಬೀದರಿನವರಿಗೆ: ಬಿಲ್ಲಿಗಾಗಿ ಅಲ್ಲ, ಕರೆಂಟ್ ಹೋದಾಗ ತರಗತಿ ನಿಲ್ಲದಿರಲಿ ಎಂದು ಕೊಂಡದ್ದು. ಸರ್ಕಾರ ಬಿಲ್ಲು ಕಟ್ಟುತ್ತದೆ ಎಂದರೆ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲವಲ್ಲ. ಹಳೆಯ ಕಂಪನಿಗೆ ಮರಳುವುದೇ ಜಾಣತನ ಎಂಬುದನ್ನೂ ನಾನು ಪೂರ್ತಿ ಒಪ್ಪಲಾರೆ. ಚಿಂಚೋಳಿಯವರನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ. ಆದರೆ ಇನ್ನು ಮೇಲೆ ಗಿಡದ ಪುಟ ಓದುವ ಮೊದಲು ಸೇವೆಯ ಪುಟ ಓದುತ್ತೇನೆ. ದುಡ್ಡು ಕೊಡುವ ಮೊದಲೇ ಸಹಾಯವಾಣಿಗೆ ಕರೆ ಮಾಡಿ, ಕಲಬುರಗಿಗೆ ಯಾರು ಬರುತ್ತಾರೆ ಎಂದು ಕೇಳುತ್ತೇನೆ. ಮಾರುವ ಮೊದಲೇ ಎತ್ತದವರು ಮಾರಿದ ಮೇಲೆ ಎತ್ತುವುದುಂಟೇ.

ಹುಮನಾಬಾದಿನವರ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದು ಕಂಪನಿ ತನ್ನ ಪ್ಯಾಕಿಂಗಿನ ಕಾಗದ ಯಾವ ಕಾಡಿನದು ಎಂದು ಹೇಳುತ್ತದೆ, ತನ್ನ ಫೋನ್ ಎತ್ತುವ ಹುಡುಗಿ ಯಾರ ಕೆಲಸದವಳು, ಅವಳ ಕೈಯಲ್ಲಿ ಏನು ಅಧಿಕಾರವಿದೆ ಎಂದು ಹೇಳುವುದಿಲ್ಲ. ನನಗಂತೂ ಎರಡನೆಯದೇ ಮುಖ್ಯ ಎನ್ನಿಸುತ್ತದೆ.

ಕುಂದುಕೊರತೆ ಅಧಿಕಾರಿಯ ಹೆಸರು ಸಿಕ್ಕಿತು. ಸಂಪರ್ಕ ಪುಟದಲ್ಲಲ್ಲ, ಗೋಪ್ಯತಾ ನೀತಿಯ ತೀರ ಕೆಳಗೆ, ತಿಳಿಬೂದು ಅಕ್ಷರದಲ್ಲಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳುಹಿಸಿದ್ದೇನೆ, 1915ಕ್ಕೂ ಹೇಳಿದ್ದೇನೆ. 48 ಗಂಟೆಯ ಲೆಕ್ಕ ಇಂದಿನಿಂದ. ಬೋರ್ಡು ಮುಟ್ಟಿಸುವುದಿಲ್ಲ, ಸದ್ಯಕ್ಕೆ ಕೆಳಗಿನ ಮನೆಯ ಟೇಬಲ್ ಫ್ಯಾನ್ ಮೇಲೆ ಬಂದಿದೆ, ಹಿಂದಿನ ಬೆಂಚಿನವರಿಗೆ ಗಾಳಿಯೂ ಇಲ್ಲ, ಅದರ ಸದ್ದಿನಲ್ಲಿ ಪಾಠವೂ ಇಲ್ಲ.

ಶಹಾಪುರದವರೇ, ತಿಂಗಳು ಕಳೆದೂ ಏನೂ ಆಗದಿದ್ದರೆ ಆಯೋಗಕ್ಕೆ ಈ ಫ್ಯಾನ್ ಇಟ್ಟುಕೊಂಡು, ಅಂಥದ್ದೇ ಹಳೆಯದೊಂದನ್ನು ಹುಡುಕಿ ನಿಮ್ಮಲ್ಲಿಗೆ ತರುತ್ತೇನೆ. ನೀವು ಹೇಳಿದ 600ರಲ್ಲಿ ರಿಮೋಟ್ ಸೇರಿದೆಯೋ, ಬೇರೆ ಕೊಳ್ಳಬೇಕೋ?

ಉತ್ತರ: ವೈಂಡಿಂಗ್ ಅಂಗಡಿ, ಶಹಾಪುರ

ಸೇರಿದೆ. ಸೆಲ್ ಮಾತ್ರ ನೀವೇ ಹಾಕಿಕೊಳ್ಳಬೇಕು.