ಸಹಾಯ ಬೇಕು: ಮಿಸಿಸಿಪ್ಪಿ ಡೆಲ್ಟಾದ ಕೌಂಟಿವಾರು ಶಿಶುಮರಣ ಲೆಕ್ಕ

ಅಮೆರಿಕದ ಕಪ್ಪು ವರ್ಣೀಯ ಮತ್ತು ಬಿಳಿಯ ಶಿಶುಗಳ ಮರಣದ ಅಂತರ ಕುರಿತು ಕನ್ನಡದಲ್ಲಿ ಕಿರುಪುಸ್ತಿಕೆ ಸಿದ್ಧವಾಗುತ್ತಿದೆ. ದೇಶದ ಲೆಕ್ಕ ಸಿಕ್ಕಿದೆ: 2022ರಲ್ಲಿ ಸಾವಿರ ಜೀವಂತ ಜನನಕ್ಕೆ ಕಪ್ಪು ವರ್ಣೀಯರಲ್ಲಿ 10.9, ಬಿಳಿಯರಲ್ಲಿ 4.5. ತೊಡಕಿರುವುದು ಡೆಲ್ಟಾದಲ್ಲಿ, ಅಂದರೆ ಮಿಸಿಸಿಪ್ಪಿ ರಾಜ್ಯದ ವಾಯವ್ಯ ಭಾಗದಲ್ಲಿ; ಅಲ್ಲಿನ ಕೌಂಟಿಗಳೆಲ್ಲ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳು) ಚಿಕ್ಕವು. ಅಮೆರಿಕದ ಕೇಂದ್ರ ಆರೋಗ್ಯ ಸಂಸ್ಥೆ ಸಿಡಿಸಿಯ ಆನ್‌ಲೈನ್ ಅಂಕಿಅಂಶ ಭಂಡಾರ ‘ವಂಡರ್‌’ನಲ್ಲಿ, ಶಿಶುವಿನ ಜನನ ಮತ್ತು ಮರಣ ದಾಖಲೆಗಳನ್ನು ಜೋಡಿಸಿದ ಕಡತದಲ್ಲಿ 2.5 ಲಕ್ಷಕ್ಕಿಂತ ಕಡಿಮೆ ಜನರಿರುವ ಕೌಂಟಿಗಳ ಹೆಸರೇ ಇಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ. ಸಾಮಾನ್ಯ ಮರಣ ಕಡತದಲ್ಲಿ 10ಕ್ಕಿಂತ ಕಡಿಮೆ ಸಾವುಗಳನ್ನು ಮುಚ್ಚಿಡುತ್ತಾರೆ. 20ಕ್ಕಿಂತ ಕಡಿಮೆಯಾದರೆ ದರಕ್ಕೆ ‘ನಂಬಲರ್ಹವಲ್ಲ’ ಎಂಬ ಮುದ್ರೆ. ಹತ್ತು ವರ್ಷ ಕೂಡಿಸಿದರೆ ಅಂಕಿಯೇನೋ ಸಿಗುತ್ತದೆ. ಆದರೆ ಮಿಸಿಸಿಪ್ಪಿಯಲ್ಲಿ ಹೆರಿಗೆ ನಂತರದ ಮೆಡಿಕೇಯ್ಡ್ (ಬಡವರಿಗೆ ಸರ್ಕಾರದ ಆರೋಗ್ಯ ವಿಮೆ) 60 ದಿನದಿಂದ 12 ತಿಂಗಳಿಗೆ ಏರಿದ್ದೇ 2023ರಲ್ಲಿ. ಅದರ ಪರಿಣಾಮ ಆ ಮೊತ್ತದಲ್ಲಿ ಕರಗಿಹೋಗುತ್ತದೆ.

ರಾಜ್ಯ ಆರೋಗ್ಯ ಇಲಾಖೆಯ ಕಡತ ಬಳಸಿ ಗೊತ್ತಿರುವವರು, ಅಕ್ಕಪಕ್ಕದ ಕೌಂಟಿಗಳನ್ನು ಗುಂಪು ಮಾಡಿ ಮೂರು ವರ್ಷದ ದರ ತೆಗೆದವರು ದಯವಿಟ್ಟು ಕ್ರಮ ತಿಳಿಸಿ. ತಾಯಿಯ ಓದಿಗೆ ಬೇರೆ ಕಾಲಂ ಬೇಕೇ ಬೇಕು. ‘ಎಲ್ಲಾ ಬಡತನದಿಂದ’ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲವಲ್ಲ: ಪದವಿ ಪಡೆದ ಕಪ್ಪು ವರ್ಣೀಯ ತಾಯಂದಿರ ಶಿಶುಗಳ ಮರಣ ದರ, ಅಷ್ಟೇ ಓದಿದ ಬಿಳಿಯ ತಾಯಂದಿರ ಶಿಶುಗಳದ್ದಕ್ಕಿಂತ ಹೆಚ್ಚು. ಎಕ್ಸೆಲ್ ಹಾಳೆಯ ಮಾದರಿ ಕಾಮೆಂಟಿನಲ್ಲಿ ಹಾಕಿದರೂ ಸಾಕು.