ಒಂಬತ್ತು ರಾತ್ರಿ, ಐವರು ಗೆಳೆಯರು, ಐದು ದೇಶ: ಈ ಯೋಜನೆ ನಡೆಯುವಂಥದ್ದೇ?

ಪ್ರಶ್ನೆ (ಐವರಲ್ಲೊಬ್ಬ)

ನಮಸ್ಕಾರ. ಕಾಲೇಜಿನ ದಿನಗಳಿಂದಲೂ ಜೊತೆಗಿರುವ ನಾವು ಐವರು ಗೆಳೆಯರು ಬರುವ ಬೇಸಿಗೆಯಲ್ಲಿ, ಜುಲೈ ಅಥವಾ ಆಗಸ್ಟ್ ತಿಂಗಳಲ್ಲಿ, ಮಧ್ಯ ಯುರೋಪನ್ನು ಒಟ್ಟಾಗಿ ನೋಡಿಬರಬೇಕೆಂದು ನಿಶ್ಚಯಿಸಿದ್ದೇವೆ. ಐವರ ರಜೆಯನ್ನೂ ಒಂದೇ ವೇಳೆಗೆ ಹೊಂದಿಸುವುದೇ ದೊಡ್ಡ ಸಾಹಸವಾದ್ದರಿಂದ ಕೈಗೆ ಸಿಗುವುದು ಒಂಬತ್ತು ರಾತ್ರಿಗಳು ಮಾತ್ರ. ಸದ್ಯದ ಕರಡು ಹೀಗಿದೆ: ಜೆಕ್ ಗಣರಾಜ್ಯದ ಪ್ರಾಗ್‌ನಲ್ಲಿ ಎರಡು ರಾತ್ರಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ ಎರಡು, ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಒಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎರಡು, ಕೊನೆಗೆ ಇಟಲಿಯ ವೆನಿಸ್‌ನಲ್ಲಿ ಎರಡು, ಅಲ್ಲಿಂದ ಮತ್ತೆ ಪ್ರಾಗ್‌ಗೆ ಬಂದು ವಿಮಾನ ಹತ್ತುವುದು. ವೆನಿಸ್ ಬೇಕೇ ಬೇಕೆಂದು ಒಬ್ಬ ಪಟ್ಟು ಹಿಡಿದಿದ್ದಾನೆ. ಅದರ ಬದಲು ಬುಡಾಪೆಸ್ಟ್‌ನಿಂದ ಬೆಲ್‌ಗ್ರೇಡ್‌ಗೆ ಹೋಗಿಬರೋಣ ಎಂಬುದು ಇನ್ನೊಬ್ಬನ ವಾದ.

ನಮ್ಮ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಒಂದೇ ವೀಸಾ) ಬೇಕಾಗುತ್ತದೆ, ಆದರೆ ಇಷ್ಟು ದೇಶಗಳಿರುವಾಗ ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದೇ ತಿಳಿಯುತ್ತಿಲ್ಲ. ಊರಿಂದೂರಿಗೆ ಹೋಗಲು ರೈಲು ಪಾಸ್ ಕೊಳ್ಳಬೇಕೋ, ಐವರಿರುವುದರಿಂದ ಕಾರನ್ನೇ ಬಾಡಿಗೆಗೆ ಪಡೆಯುವುದು ಮೇಲೋ? ಖರ್ಚು ಹಂಚಿಕೊಳ್ಳುವ ವಿಚಾರದಲ್ಲಿ ಮನಸ್ತಾಪ ಬಾರದಂತೆ ಏನು ಮಾಡಬಹುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ (ನಿಧಾನ ಪಯಣಿಗ)

ನಿಮ್ಮ ಕರಡಿನಲ್ಲಿ ಊರುಗಳನ್ನು ಎಣಿಸಿದ್ದೀರಿ. ಬಿಡಾರ ಎತ್ತುವ ದಿನಗಳನ್ನು ಎಣಿಸಿಲ್ಲ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಖಾಲಿ ಮಾಡಬೇಕು, ಮುಂದಿನ ಊರಿನ ಕೋಣೆ ಮಧ್ಯಾಹ್ನ ಎರಡು ಮೂರು ಗಂಟೆಗೆ ಮೊದಲು ಸಿಗುವುದಿಲ್ಲ, ನಡುವಿನ ಹೊತ್ತೆಲ್ಲ ಪೆಟ್ಟಿಗೆ ಎಳೆದುಕೊಂಡು ನಿಲ್ದಾಣದಲ್ಲೋ ರೈಲಿನಲ್ಲೋ ಕಳೆದುಹೋಗುತ್ತದೆ. ಅದೂ ಐವರು ಒಟ್ಟಿಗೆ ಹೊರಡಬೇಕೆಂದರೆ ಒಬ್ಬರ ಚಾರ್ಜರ್ ಮತ್ತೊಬ್ಬರ ಕೋಣೆಯಲ್ಲಿ ಉಳಿದಿರುತ್ತದೆ. ಒಂದು ಸಲ ಊರು ಬದಲಿಸಿದರೆ ಅರ್ಧ ದಿನ ಹೋಯಿತೆಂದೇ ಹಿಡಿಯಿರಿ. ನಿಮ್ಮ ಯೋಜನೆಯಲ್ಲಿ ಅಂಥ ಬದಲಾವಣೆ ನಾಲ್ಕು. ಅದರ ಮೇಲೆ ವೆನಿಸ್‌ನಿಂದ ಪ್ರಾಗ್‌ಗೆ ಹಿಂದಿರುಗುವ ಹೊರೆ ಬೇರೆ. ವಿಯೆನ್ನಾದಿಂದ ಹೊರಟರೂ ವೆನಿಸ್‌ಗೆ ಏಳು ಗಂಟೆಗೂ ಮಿಕ್ಕಿದ ರೈಲು ದಾರಿ, ಬುಡಾಪೆಸ್ಟ್‌ನಿಂದಾದರೆ ಇಡೀ ಒಂದು ದಿನವೇ ಬೇಕು. ಆ ಗೆಳೆಯರ ಮೇಲೆ ನನಗೆ ಯಾವ ಮುನಿಸೂ ಇಲ್ಲ, ಆದರೆ ಈ ಬಾರಿಗೆ ವೆನಿಸ್ ಕೈಬಿಡಿ.

ಬ್ರಾಟಿಸ್ಲಾವಾವನ್ನು ಬಿಡಬೇಕಾಗಿಲ್ಲ, ಅಲ್ಲಿ ಮಲಗುವುದನ್ನು ಬಿಟ್ಟರೆ ಸಾಕು. ವಿಯೆನ್ನಾದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಳೆಯ ಪಟ್ಟಣ ಚಿಕ್ಕದು, ಕೋಟೆಯೂ ನಡಿಗೆಯ ದೂರದಲ್ಲಿದೆ, ಸಮಯ ಉಳಿದರೆ ಮೊರಾವಾ ನದಿಯು ಡ್ಯಾನ್ಯೂಬ್ ಸೇರುವಲ್ಲಿರುವ ದೆವೀನ್ ಕೋಟೆಯ ಅವಶೇಷಗಳಿಗೂ ಹೋಗಿಬರಬಹುದು. ಬೇಸಿಗೆಯಲ್ಲಿ ಎರಡು ನಗರಗಳ ನಡುವೆ ವೇಗದ ದೋಣಿಯೂ ಓಡುತ್ತದೆ. ಹೊಳೆಯ ಹರಿವಿನ ಜೊತೆ ಹೋಗುವುದರಿಂದ ವಿಯೆನ್ನಾದಿಂದ ಹೊರಟಾಗ ಒಂದೂಕಾಲು ಗಂಟೆ ಸಾಕು, ಮರಳುವಾಗ ಎದುರು ಹರಿವಿಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹೋಗುವಾಗ ದೋಣಿ, ಬರುವಾಗ ರೈಲು ಎಂದಿಟ್ಟುಕೊಂಡರೆ ಆ ದಿನ ಚೆನ್ನಾಗಿರುತ್ತದೆ.

ಎರಡನೆಯದಾಗಿ, ಪ್ರಾಗ್‌ನಲ್ಲೇ ಇಳಿದು ಪ್ರಾಗ್‌ನಿಂದಲೇ ಹೊರಡಬೇಕೆಂಬ ಹಟ ಬೇಡ. ಬುಡಾಪೆಸ್ಟ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಏಳು ಗಂಟೆ ಬೇಕು. ಒಂದು ನಗರಕ್ಕೆ ಇಳಿದು ಇನ್ನೊಂದರಿಂದ ಹೊರಡುವ ವಿಮಾನ ಟಿಕೆಟ್ಟನ್ನು ಒಂದೇ ಬುಕಿಂಗ್‌ನಲ್ಲಿ ಪಡೆಯಲು ಸಾಧ್ಯವಿದೆ. ಹುಡುಕುವಾಗ ಎರಡು ಬಿಡಿ ಟಿಕೆಟ್‌ಗಳ ಬದಲು ‘ಮಲ್ಟಿ ಸಿಟಿ’ ಎಂಬ ಆಯ್ಕೆಯಲ್ಲಿ ನೋಡಿ. ದರ ತುಸು ಹೆಚ್ಚಾದರೂ ಉಳಿಯುವ ಒಂದು ದಿನ ಮತ್ತು ಒಂದು ರೈಲು ಟಿಕೆಟ್ಟಿನ ಲೆಕ್ಕ ಹಾಕಿದರೆ ಅದೇ ಅಗ್ಗ.

ಇನ್ನು ವೀಸಾ. ನಿಯಮ ಸರಳವಾಗಿದೆ: ಪ್ರವಾಸದ ಮುಖ್ಯ ತಾಣ ಯಾವ ದೇಶವೋ, ಸಾಮಾನ್ಯವಾಗಿ ಎಲ್ಲಿ ಹೆಚ್ಚು ದಿನ ಇರುತ್ತೀರೋ, ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ. ಹಾಗಾಗಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರು ಮೂರು ರಾತ್ರಿ ಎಂದಾದರೆ ಜೆಕ್ ಗಣರಾಜ್ಯಕ್ಕೆ ಅರ್ಜಿ, ವಿಯೆನ್ನಾಕ್ಕೆ ನಾಲ್ಕು ರಾತ್ರಿ ಕೊಟ್ಟು ಪ್ರಾಗ್‌ಗೆ ಎರಡು ಮಾಡಿದರೆ ಆಸ್ಟ್ರಿಯಾಕ್ಕೆ. ಅಂದರೆ ರಾತ್ರಿಗಳ ಹಂಚಿಕೆಯನ್ನು ಮೊದಲು ಅಂತಿಮಗೊಳಿಸಬೇಕು, ಆಮೇಲೆ ಅರ್ಜಿ. ಸಂದರ್ಶನದ ದಿನ ಎಲ್ಲಿ ಬೇಗ ಸಿಗುತ್ತದೆಂದು ನೋಡಿ ಕಾಗದದ ಮೇಲೊಂದು ಪ್ರವಾಸ, ನಿಜದಲ್ಲಿ ಇನ್ನೊಂದು ಪ್ರವಾಸ ಮಾಡುವವರಿದ್ದಾರೆ; ಗಡಿಯಲ್ಲಿ ಹೋಟೆಲ್ ಕಾಗದ ಕೇಳಿದಾಗ ಅವರು ಪಡುವ ಪಾಡು ಯಾರಿಗೂ ಬೇಡ.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೂ ಹಿಡಿಯಬಹುದು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು ಮತ್ತು ಹಿಂದಿರುಗುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಐವರ ಪಾಸ್‌ಪೋರ್ಟನ್ನೂ ಇವತ್ತೇ ತೆರೆದು ನೋಡಿ.

ಬೆಲ್‌ಗ್ರೇಡ್ ವಿಚಾರದಲ್ಲಿ ಒಂದು ಎಚ್ಚರಿಕೆ. ಸೆರ್ಬಿಯಾ ಷೆಂಗೆನ್ ವಲಯದಲ್ಲಿಲ್ಲ. ನಿಮಗೆ ಸಿಕ್ಕಿದ್ದು ಒಂದೇ ಪ್ರವೇಶದ ವೀಸಾ ಆಗಿದ್ದರೆ, ಅಲ್ಲಿಗೆ ಕಾಲಿಟ್ಟ ಮೇಲೆ ಬುಡಾಪೆಸ್ಟ್‌ಗೆ ಮರಳಲು ಆಗುವುದಿಲ್ಲ.

ಉತ್ತರ (ರೈಲು ಕಿಟಕಿ)

ಮೇಲಿನವರು ಬಿಟ್ಟ ಸಾರಿಗೆಯ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಕಾರು ಬೇಡ. ಐದು ಜನ ಹಿಡಿಯುವ ಕಾರಿನಲ್ಲಿ ಐದು ಪೆಟ್ಟಿಗೆ ಹಿಡಿಯುವುದಿಲ್ಲ. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಪ್ರತ್ಯೇಕ ಶುಲ್ಕ ಬೀಳುತ್ತದೆ, ಮತ್ತು ಅದು ಹಲವು ಬಾರಿ ಬಾಡಿಗೆಯನ್ನೇ ಮೀರಿಸುತ್ತದೆ. ಜೆಕ್, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕರಲ್ಲೂ ಹೆದ್ದಾರಿಗೆ ‘ವಿನ್ಯೆಟ್’ ಎಂಬ ಪರವಾನಗಿಯನ್ನು ಬೇರೆ ಬೇರೆಯಾಗಿ ಕೊಳ್ಳಬೇಕು. ವಿಯೆನ್ನಾದಲ್ಲಂತೂ 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಇಡೀ ನಗರವೇ ಹಣ ತೆತ್ತು ಸ್ವಲ್ಪ ಹೊತ್ತು ಮಾತ್ರ ನಿಲ್ಲಿಸಬಹುದಾದ ವಲಯವಾಗಿದೆ.

ಪಾಸ್ ಕೂಡ ನಿಮಗೆ ಲಾಭವಲ್ಲ. ಯುರೋಪಿನ ಹೊರಗಿನವರಿಗೆ ಸಿಗುವ ಯೂರೇಲ್ ಪಾಸ್ ದಿನವೂ ಉದ್ದ ಪ್ರಯಾಣ ಮಾಡುವವರಿಗೆ, ದಾರಿ ಬದಲಿಸುತ್ತಲೇ ಇರುವವರಿಗೆ ಸರಿ. ನಿಮಗಿರುವುದು ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ, ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಎರಡೂ ಮುಕ್ಕಾಲು ಗಂಟೆಗಿಂತ ತುಸು ಕಡಿಮೆ, ನಡುವೆ ಬ್ರಾಟಿಸ್ಲಾವಾದ ಹೋಗಿಬರುವ ದಾರಿ, ಇಷ್ಟೇ. ಬಿಡಿ ಟಿಕೆಟ್ಟುಗಳನ್ನು ಮುಂಚೆಯೇ ಕೊಂಡರೆ ಕಡಿಮೆ ದರದಲ್ಲಿ ಸಿಗುತ್ತವೆ. ಆದರೆ ಕಡಿಮೆ ದರದ ಟಿಕೆಟ್ಟು ಒಂದು ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತದೆ, ತಪ್ಪಿಸಿಕೊಂಡರೆ ಹಣ ಹೋದಂತೆಯೇ. ಆಸನವನ್ನೂ ಜೊತೆಯಲ್ಲೇ ಕಾಯ್ದಿರಿಸಿ. ಇಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಕೂರಲು ಜಾಗ ಖಾತರಿಯಿಲ್ಲ, ಜುಲೈ ತಿಂಗಳಲ್ಲಿ ನಾಲ್ಕು ಗಂಟೆ ಬಾಗಿಲ ಬಳಿ ಪೆಟ್ಟಿಗೆಯ ಮೇಲೆ ಕೂತವನ ಮಾತಿದು.

ಒಂದೇ ಊರಿನ ಹೆಸರು ಭಾಷೆಗೊಂದರಂತೆ ಬದಲಾಗುತ್ತದೆ, ಫಲಕ ನೋಡಿ ಗೊಂದಲವಾಗದಿರಲೆಂದು ಅದನ್ನೂ ಹೇಳಿಬಿಡುತ್ತೇನೆ. ವಿಯೆನ್ನಾ ಜರ್ಮನ್‌ನಲ್ಲಿ ವೀನ್, ಜೆಕ್‌ನಲ್ಲಿ ವೀಡೆನ್ಯ್, ಹಂಗೇರಿಯನ್‌ನಲ್ಲಿ ಬೇಚ್. ಬ್ರಾಟಿಸ್ಲಾವಾವನ್ನು ಹಂಗೇರಿಯವರು ಪೊಜೊನ್ಯ್ ಎನ್ನುತ್ತಾರೆ. ಗಡಿಯಲ್ಲಿ ರೈಲು ನಿಲ್ಲದೆ ಹೋದರೂ ಪೊಲೀಸರು ಆಗೊಮ್ಮೆ ಈಗೊಮ್ಮೆ ಹತ್ತಿ ದಾಖಲೆ ಕೇಳುತ್ತಾರೆ, ಬ್ರಾಟಿಸ್ಲಾವಾಕ್ಕೆ ಒಂದು ದಿನದ ಮಟ್ಟಿಗೆ ಹೋಗುವಾಗಲೂ ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಡಬೇಡಿ.

ಉತ್ತರ (ಹಳೆಯ ಲೆಕ್ಕಪುಸ್ತಕ)

ಗೆಳೆಯರ ನಡುವೆ ಹಣಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯವೇ ಪ್ರವಾಸ ಕೆಡಿಸುವುದನ್ನು ನಾನು ನೋಡಿದ್ದೇನೆ. ನಾವು ನಾಲ್ವರು ಹೊರಟಿದ್ದಾಗ ಒಬ್ಬನ ವೀಸಾ ತಡವಾಗಿ, ನಾವು ವಿಮಾನ ಹತ್ತಿದ ಮೇಲೆ ಬಂತು. ಅಗ್ಗವೆಂದು ಹಣ ಮರಳದ ಷರತ್ತಿನ ಮೇಲೆ ಮನೆಯೊಂದನ್ನು ಹಿಡಿದಿದ್ದೆವು. ಅವನ ಪಾಲನ್ನು ಅವನೇ ಕೊಡಬೇಕೋ, ಉಳಿದ ಮೂವರು ಹೊರಬೇಕೋ ಎಂದು ಬಾಯಿಬಿಟ್ಟು ಕೇಳಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಅವನೇ ಕೊಟ್ಟ, ಆದರೆ ಆ ಮೇಲೆ ಒಂದು ವರ್ಷ ನಮ್ಮ ಕೂಟಕ್ಕೆ ಬರಲಿಲ್ಲ. ಆದ್ದರಿಂದ ಐವರ ವೀಸಾವೂ ಕೈಗೆ ಬರುವವರೆಗೆ ರದ್ದುಪಡಿಸಬಹುದಾದ ವಸತಿಯನ್ನೇ ಹಿಡಿಯಿರಿ, ಮತ್ತು ಯಾರಾದರೂ ಬರಲಾಗದಿದ್ದರೆ ಅವರ ಪಾಲು ಏನಾಗಬೇಕೆಂಬುದನ್ನು ಈಗಲೇ, ಎಲ್ಲರೂ ನಗುನಗುತ್ತಿರುವಾಗಲೇ, ಬರೆದಿಟ್ಟುಕೊಳ್ಳಿ.

ವಸತಿ, ರೈಲು, ನಗರ ಸಾರಿಗೆ ಇವು ಸಮಪಾಲು. ಊಟ, ಪ್ರವೇಶ ಟಿಕೆಟ್, ಖರೀದಿ ಅವರವರದ್ದು. ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಅಂದಂದಿನ ಖರ್ಚನ್ನು ಅಂದೇ ಬರೆಯುವ ಕೆಲಸವನ್ನು ಒಬ್ಬರಿಗೇ ಒಪ್ಪಿಸಿ. ನಿಮ್ಮ ದಾರಿಯಲ್ಲಿ ಮೂರು ನಾಣ್ಯಗಳಿವೆ: ಜೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್, ಉಳಿದೆರಡು ದೇಶಗಳಲ್ಲಿ ಯೂರೋ. ಎಟಿಎಂ ಅಥವಾ ಅಂಗಡಿಯ ಯಂತ್ರವು ‘ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ’ ಎಂದು ಕೇಳಿದಾಗ ಬೇಡವೆಂದು ಒತ್ತಿ ಸ್ಥಳೀಯ ನಾಣ್ಯವನ್ನೇ ಆರಿಸಿ; ಆ ಉಪಕಾರದ ಹಿಂದೆ ಕೆಟ್ಟ ವಿನಿಮಯ ದರ ಅಡಗಿರುತ್ತದೆ.

ಮರುಪ್ರಶ್ನೆ (ಐವರಲ್ಲೊಬ್ಬ)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಐವರೂ ಕುಳಿತು ಚರ್ಚಿಸಿದೆವು. ವೆನಿಸ್ ಹೋಯಿತು, ಬೆಲ್‌ಗ್ರೇಡ್ ಕೂಡ ಹೋಯಿತು. ಇಬ್ಬರೂ ಸೋತದ್ದರಿಂದ ಇಬ್ಬರಿಗೂ ಸಮಾಧಾನವಾಗಿದೆ. ಪ್ರಾಗ್ ಎರಡು, ವಿಯೆನ್ನಾ ನಾಲ್ಕು, ಬುಡಾಪೆಸ್ಟ್ ಮೂರು ಎಂದು ತೀರ್ಮಾನಿಸಿ ಆಸ್ಟ್ರಿಯಾಕ್ಕೆ ಅರ್ಜಿ ಹಾಕಲಿದ್ದೇವೆ. ರಜೆ ಹೊಂದುವುದು ಆಗಸ್ಟ್ 12ರಿಂದ 21ರವರೆಗೆ. ಆ ದಿನಗಳಲ್ಲಿ ಗಮನಿಸಬೇಕಾದದ್ದು ಏನಾದರೂ ಇದೆಯೇ? ನಮ್ಮಲ್ಲೊಬ್ಬರಿಗೆ ವಿಯೆನ್ನಾದ ಆಪೆರಾ ನೋಡುವ ಆಸೆಯಿದೆ.

ಉತ್ತರ (ನಿಧಾನ ಪಯಣಿಗ)

ಆಪೆರಾ ಆಸೆ ಈ ಬಾರಿ ಈಡೇರದು. ವಿಯೆನ್ನಾ ಸ್ಟೇಟ್ ಆಪೆರಾ ಜುಲೈ, ಆಗಸ್ಟ್‌ನಲ್ಲಿ ಬೇಸಿಗೆ ವಿರಾಮದಲ್ಲಿರುತ್ತದೆ. ಬೀದಿಯಲ್ಲಿ ಹಳೆಯ ಕಾಲದ ಉಡುಪು ತೊಟ್ಟು ಟಿಕೆಟ್ ಮಾರುವವರು ಹೇಳುವ ‘ಮೊಟ್ಸಾರ್ಟ್ ಸಂಗೀತ ಕಚೇರಿ’ ಬೇರೆಯದೇ ಬಗೆಯದು. ತಿಳಿದೇ ಹೋಗುವುದಾದರೆ ಅಡ್ಡಿಯಿಲ್ಲ.

ಆಗಸ್ಟ್ 15 ಆಸ್ಟ್ರಿಯಾದಲ್ಲಿ ಸಾರ್ವಜನಿಕ ರಜೆ. ಆ ದಿನವೂ ಭಾನುವಾರಗಳಂದೂ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನ ದಿನಸಿ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಬ್ರಾಟಿಸ್ಲಾವಾಕ್ಕೆ ಹೋಗಲು 15ನ್ನೇ ಇಟ್ಟುಕೊಳ್ಳಿ, ಸ್ಲೊವಾಕಿಯಾದಲ್ಲಿ ಅಂದು ರಜೆಯಿಲ್ಲ. ವಿಯೆನ್ನಾದ ಷೋನ್‌ಬ್ರುನ್ ಅರಮನೆಗೆ ನಿಗದಿತ ವೇಳೆಯ ಟಿಕೆಟ್ಟನ್ನು ಮೊದಲೇ ಪಡೆಯಿರಿ.

ಬುಡಾಪೆಸ್ಟ್‌ನ ಮೂರು ರಾತ್ರಿಗಳಲ್ಲಿ ಕೊನೆಯದು ಆಗಸ್ಟ್ 20, ಹಂಗೇರಿಯ ರಾಷ್ಟ್ರೀಯ ದಿನ, ಸಂತ ಸ್ಟೀಫನ್‌ನ ಹಬ್ಬ. ಸಂಜೆ ಡ್ಯಾನ್ಯೂಬ್ ಮೇಲೆ ಸಿಡಿಮದ್ದಿನ ಪ್ರದರ್ಶನವಿರುತ್ತದೆ, ನದಿಯ ಎರಡೂ ದಡಗಳಲ್ಲಿ ಜನ ಕಿಕ್ಕಿರಿಯುತ್ತಾರೆ, ಸೇತುವೆಗಳಲ್ಲೂ ದಡದ ರಸ್ತೆಗಳಲ್ಲೂ ಸಂಚಾರ ನಿರ್ಬಂಧಿಸುತ್ತಾರೆ. ನೀವು ಆಕಸ್ಮಿಕವಾಗಿ ಒಳ್ಳೆಯ ದಿನವನ್ನೇ ಹಿಡಿದಿದ್ದೀರಿ, ಆದರೆ ಕೋಣೆಗಳನ್ನು ಈ ವಾರವೇ ಕಾಯ್ದಿರಿಸಿ. ಮರುದಿನ ವಿಮಾನ ಬೆಳಿಗ್ಗೆಯದಾಗಿದ್ದರೆ ಪೆಟ್ಟಿಗೆ ಕಟ್ಟುವುದನ್ನು ಸಿಡಿಮದ್ದಿಗೆ ಹೊರಡುವ ಮೊದಲೇ ಮುಗಿಸಿಬಿಡಿ.